ಮಳೆಗಾಲಕ್ಕೆ ಮುನ್ನ ಮನೆ ತೆರವು: ಉತ್ತರ ಕನ್ನಡದ ಮನೆಗಳಿಗೊಂದು ಕ್ರಮ

ಶಿವರಾತ್ರಿ ಕಳೆದು ಯುಗಾದಿ ಹತ್ತಿರವಾಗುವ ಹೊತ್ತಿಗೆ ನಮ್ಮ ಜಿಲ್ಲೆಯ ಮನೆಗಳಿಗೆ ಎರಡು ಕೆಲಸಗಳು ಒಟ್ಟಿಗೇ ಎದುರಾಗುತ್ತವೆ. ವರ್ಷವಿಡೀ ಸೇರಿಕೊಂಡ ಸಾಮಾನನ್ನು ಹೊರಗೆ ಹಾಕುವುದು ಒಂದಾದರೆ, ಜೂನ್ ಮೊದಲ ವಾರದಲ್ಲಿ ಹಿಡಿಯುವ ಮಳೆಗೆ ಬೇಕಾದುದನ್ನೆಲ್ಲ ಒಳಗೆ ಸೇರಿಸಿಕೊಳ್ಳುವುದು ಇನ್ನೊಂದು. ಇವೆರಡನ್ನೂ ಬೇರೆ ಬೇರೆ ಎಂದು ಎಣಿಸಿದ ಮನೆಯಲ್ಲಿ ಮೇ ತಿಂಗಳ ಕೊನೆಗೆ ಹಪ್ಪಳದ ಡಬ್ಬಿ ಮಂಚದ ಕೆಳಗೂ, ಉಪ್ಪಿನ ಚೀಲ ಬಚ್ಚಲ ಮೂಲೆಗೂ, ಕಟ್ಟಿಗೆ ಜಗಲಿಗೂ ಬಂದು ಕೂರುತ್ತವೆ. ಸ್ವಚ್ಛ ಮಾಡಿದ ಶ್ರಮವೆಲ್ಲ ಹದಿನೈದು ದಿನದಲ್ಲಿ ಕಾಣದಂತಾಗುತ್ತದೆ. ಆದ್ದರಿಂದ ತೆರವಿನ ಕೆಲಸವನ್ನು ಹೊರಹಾಕುವ ವಸ್ತುವಿನಿಂದ ಆರಂಭಿಸದೆ, ಒಳಬರುವ ವಸ್ತುವಿನಿಂದ ಆರಂಭಿಸುವುದು ಲೇಸು.

ಒಂದು ಹಾಳೆಯಲ್ಲಿ ಮೇ ತಿಂಗಳೊಳಗೆ ಮನೆಗೆ ಬರಲಿರುವ ದಾಸ್ತಾನನ್ನು ಬರೆದುಕೊಳ್ಳಿ. ಘಟ್ಟದ ಮೇಲಿನ ಮನೆಗಳಲ್ಲಿ ಅದು ಸಾಮಾನ್ಯವಾಗಿ ಮಾವಿನ ಮಿಡಿಯ ಭರಣಿಗಳು, ಹಲಸಿನ ಹಪ್ಪಳ, ಒಣಗಿಸಿದ ಮುರುಗಲು (ಪುನರ್ಪುಳಿ) ಸಿಪ್ಪೆ, ಅಕ್ಕಿ, ಕಟ್ಟಿಗೆ, ತೋಟಕ್ಕೆ ಬೇಕಾದ ಮೈಲುತುತ್ತ (ತಾಮ್ರದ ಸಲ್ಫೇಟ್) ಮತ್ತು ಸುಣ್ಣ. ಕಾರವಾರ, ಅಂಕೋಲಾ, ಕುಮಟಾ ಕಡೆಯಲ್ಲಿ ಇದಕ್ಕೆ ಸಾಣಿಕಟ್ಟೆಯ ಉಪ್ಪು ಹಾಗೂ ಒಣಮೀನು ಸೇರುತ್ತವೆ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರೀಕೃತ ಮೀನುಗಾರಿಕೆಗೆ ನಿಷೇಧವಿರುವುದರಿಂದ ಮೀನು ತಿನ್ನುವ ಮನೆಗಳಿಗೆ ಒಣಮೀನಿನ ಡಬ್ಬಿ ಅನಿವಾರ್ಯವೇ. ಪ್ರತಿಯೊಂದರ ಎದುರಿಗೆ ಅದು ಎಲ್ಲಿ ಇರಬೇಕು ಎಂಬುದನ್ನೂ ಬರೆಯಿರಿ. ಆ ಜಾಗದಲ್ಲಿ ಈಗ ಏನಿದೆಯೋ ಅದೇ ಮೊದಲು ಜಾಗ ಬಿಡಬೇಕಾದ ಸಾಮಾನು. ಉಳಿದುದನ್ನು ಈ ವರ್ಷ ಮುಟ್ಟದಿದ್ದರೂ ನಷ್ಟವಿಲ್ಲ.

ಯಾವಾಗ, ಯಾವ ಕ್ರಮದಲ್ಲಿ

ಬಿಸಿಲು ಈ ಕೆಲಸದ ಮುಖ್ಯ ಸಾಧನ. ಗಾದಿ, ಕಂಬಳಿ, ಪುಸ್ತಕ, ಮರದ ಪೆಟ್ಟಿಗೆಗಳನ್ನು ಒಣಗಿಸಲು ಫೆಬ್ರವರಿ ಮತ್ತು ಮಾರ್ಚ್‌ನ ಒಣಹವೆಯೇ ಉತ್ತಮ. ಏಪ್ರಿಲ್ ನಡುವಿನಿಂದ ಕರಾವಳಿಯಲ್ಲಿ ಬಿಸಿಲು ಇದ್ದರೂ ಗಾಳಿಯಲ್ಲಿ ತೇವ ಹೆಚ್ಚುವುದರಿಂದ ದಪ್ಪ ಗಾದಿಯ ಒಳಹತ್ತಿ ಪೂರ್ತಿ ಒಣಗುವುದಿಲ್ಲ. ಶಿರಸಿ, ಸಿದ್ದಾಪುರ, ಯಲ್ಲಾಪುರ ಕಡೆಯ ತೋಟಿಗರಿಗೆ ಅಡಿಕೆ ಒಣಗಿ, ಸುಲಿದು, ಮಾರಾಟಕ್ಕೆ ಹೋಗುವವರೆಗೆ ಅಂಗಳವೂ ಅಟ್ಟವೂ ಸಿಗುವುದಿಲ್ಲವಾದ್ದರಿಂದ ಮಾರ್ಚ್ ಕೊನೆಯಿಂದ ಏಪ್ರಿಲ್ ಮಧ್ಯದವರೆಗಿನ ಅವಧಿಯನ್ನು ಇಟ್ಟುಕೊಳ್ಳಬೇಕಾಗುತ್ತದೆ. ಎರಡು ವರ್ಷಕ್ಕೊಮ್ಮೆ ಬರುವ ಮಾರಿಕಾಂಬಾ ಜಾತ್ರೆಯ ವರ್ಷದಲ್ಲಿ ಶಿರಸಿ ಪೇಟೆಯವರು ಈ ಕೆಲಸವನ್ನು ಎರಡು ಪಾಲು ಮಾಡುವುದು ಒಳ್ಳೆಯದು: ನೆಂಟರು ಮಲಗುವ ಕೋಣೆಗಳು ಜಾತ್ರೆಗೆ ಮೊದಲು, ಅಟ್ಟ ಮತ್ತು ಉಗ್ರಾಣ ಜಾತ್ರೆಯ ನಂತರ. ನೆಂಟರು ಬರುವರೆಂದು ಅವಸರದಲ್ಲಿ ಎಲ್ಲವನ್ನೂ ಅಟ್ಟಕ್ಕೆ ಏರಿಸಿದರೆ ಅದನ್ನು ಮತ್ತೆ ಇಳಿಸುವ ದಿನ ಬರುವುದೇ ಇಲ್ಲ.

ಏಪ್ರಿಲ್ ದಾಟಿದರೆ ಘಟ್ಟದ ಮೇಲೆ ಸಂಜೆಯ ಗುಡುಗುಮಳೆಯ ಭಯವಿರುತ್ತದೆ. ಅಂಗಳಕ್ಕೆ ತಂದ ಸಾಮಾನು ಮಧ್ಯಾಹ್ನ ಮೂರು ಗಂಟೆಯೊಳಗೆ ಒಳಸೇರುವಷ್ಟೇ ಇರಲಿ. ಒಂದು ದಿನಕ್ಕೆ ಒಂದು ಕೋಣೆಯ ಸಾಮಾನು ಸಾಕು.

ಹೆಂಚಿನ ಮನೆಯಾದರೆ ಮೊದಲು ಮಾಡು (ಛಾವಣಿ), ಆಮೇಲೆ ಅಟ್ಟ, ಆಮೇಲೆ ಕೋಣೆಗಳು, ಕೊನೆಗೆ ನೆಲ. ಮಂಗಗಳು ಒಡೆದ ಹೆಂಚು, ಸರಿದ ಹೆಂಚುಗಳನ್ನು ಕೈಯಾಡಿಸುವಾಗ ಬೀಳುವ ದೂಳು, ಕಸ, ಒಣ ಪಾಚಿ ಎಲ್ಲವೂ ಕೆಳಗೇ ಸೇರುವುದರಿಂದ, ಕೋಣೆ ಒರೆಸಿಯಾದ ಮೇಲೆ ಹೆಂಚಿನ ಕೆಲಸದವರನ್ನು ಕರೆಸುವುದು ದುಪ್ಪಟ್ಟು ಕೆಲಸಕ್ಕೆ ದಾರಿ. ಕೆಲಸದವರು ಮೇ ತಿಂಗಳಲ್ಲಿ ಯಾರ ಕೈಗೂ ಸಿಗುವುದಿಲ್ಲ ಎಂಬುದನ್ನು ಹೇಳಬೇಕಾಗಿಯೇ ಇಲ್ಲ, ಮಾರ್ಚ್‌ನಲ್ಲಿಯೇ ಮಾತಾಡಿಕೊಳ್ಳಿ. ಹೆಂಚು ತೆಗೆದಾಗ ಹೆಂಚು ಹೊರುವ ಮರದ ಪಕಾಸು, ರೀಪುಗಳಲ್ಲಿ ಒರಲೆಯ (ಗೆದ್ದಲಿನ) ಮಣ್ಣಿನ ಗೆರೆ ಇದೆಯೇ ಎಂದು ನೋಡಿಕೊಳ್ಳಿ. ಗೆರೆಯನ್ನು ಒಂದು ಕಡೆ ಕೆರೆದು ಬಿಟ್ಟು, ನಾಲ್ಕಾರು ದಿನಗಳಲ್ಲಿ ಅದು ಮತ್ತೆ ಮುಚ್ಚಿಕೊಂಡರೆ ಒರಲೆ ಜೀವಂತವಿದೆ ಎಂದರ್ಥ.

ಅಟ್ಟ ಅಥವಾ ಮೆತ್ತು

ಹತ್ತುವ ಮೊದಲು ಬ್ಯಾಟರಿ ದೀಪ, ಉದ್ದ ಕೋಲು, ಮೂಗಿಗೆ ಬಟ್ಟೆ, ಕೈಗೆ ದಪ್ಪ ಕೈಗವಸು ಇರಲಿ. ಇಲಿ ಇರುವಲ್ಲಿ ಹಾವೂ ಇರಬಹುದು. ಮೂಟೆಯನ್ನು ಕೈಯಿಂದ ಎಳೆಯುವ ಮೊದಲು ಕೋಲಿನಿಂದ ತಟ್ಟಿ ಸ್ವಲ್ಪ ಹೊತ್ತು ಬಿಡಿ. ಇಲಿಹಿಕ್ಕೆ ಇದ್ದಲ್ಲಿ ಒಣಗುಡಿಸಬಾರದು. ನೀರಿಗೆ ಸ್ವಲ್ಪ ಬ್ಲೀಚಿಂಗ್ ಪುಡಿ ಬೆರೆಸಿ ಚಿಮುಕಿಸಿ, ಒದ್ದೆ ಬಟ್ಟೆಯಿಂದ ಬಳಿದು ತೆಗೆಯಬೇಕು. ಇಲ್ಲಣ, ಅಂದರೆ ಮಸಿ ಹಿಡಿದ ಜೇಡರಬಲೆ, ತೆಗೆಯುವ ಕೆಲಸ ಎಲ್ಲಕ್ಕೂ ಮೊದಲು.

ಇಳಿಸಿದುದನ್ನು ಅಂಗಳದಲ್ಲಿ ಮೂರು ರಾಶಿ ಮಾಡಿ. ಮಳೆಗಾಲದಲ್ಲಿಯೇ ಬೇಕಾಗುವುದು ಮೊದಲನೆಯದು: ಕೊಡೆ, ಗಂಬೂಟು, ಕಂಬಳಿ, ಔಷಧಿ ಹೊಡೆಯುವ ಪಂಪು, ಜಗಲಿಗೆ ಕಟ್ಟುವ ತಟ್ಟಿ ಅಥವಾ ಟಾರ್ಪಾಲು, ಚೌತಿಯಲ್ಲಿ ಗಣಪತಿಯ ಮೇಲೆ ಫಲಾವಳಿ (ಹಣ್ಣು ಕಾಯಿಗಳ ಗೊಂಚಲು) ಕಟ್ಟುವ ಮರದ ಚೌಕಟ್ಟು. ಚೌತಿ ಭಾದ್ರಪದದಲ್ಲಿ, ಮಳೆ ಇನ್ನೂ ಇರುವಾಗಲೇ ಬರುತ್ತದೆ ಎಂಬುದನ್ನು ಮರೆತು ಆ ಚೌಕಟ್ಟನ್ನು ಅಟ್ಟದ ಹಿಂದಿನ ಮೂಲೆಗೆ ತಳ್ಳುವವರೇ ಹೆಚ್ಚು. ಈ ರಾಶಿ ಏಣಿಯ ಹತ್ತಿರ, ಕೈಗೆ ಸಿಗುವಲ್ಲಿ ಹೋಗಬೇಕು. ದೀಪಾವಳಿಯಿಂದ ಆಚೆಗೆ ಬೇಕಾಗುವುದು ಎರಡನೆಯದು: ಅಡಿಕೆ ಬೇಯಿಸುವ ಹಂಡೆ, ಗೋಣಿಚೀಲ, ಒಣಗಿಸುವ ಚಾಪೆ. ಅದು ಹಿಂದಕ್ಕೆ ಹೋಗಲಿ, ಆದರೆ ಪೂರ್ತಿ ಒಣಗಿದ ಮೇಲೆ. ಗೋಣಿಚೀಲಗಳನ್ನು ಎರಡು ಬಿಸಿಲಿಗೆ ಹಾಕಿ, ಕೊಡವಿ, ಕಟ್ಟುಕಟ್ಟಿ ದಬ್ಬೆಯ ಮೇಲೆ ಇಡಬೇಕು, ನೆಲಕ್ಕೆ ತಾಗಿಸಬಾರದು.

ಮೂರನೆಯ ರಾಶಿ ಯಾರೂ ತಮ್ಮದೆನ್ನದ ಸಾಮಾನಿನದು, ಮತ್ತು ನಮ್ಮ ಮನೆಗಳಲ್ಲಿ ಅದೇ ಅತಿ ದೊಡ್ಡದು. ಬೆಂಗಳೂರಿನಲ್ಲಿಯೋ ಪುಣೆಯಲ್ಲಿಯೋ ನೆಲೆಸಿದ ಮಕ್ಕಳ ಕಾಲೇಜಿನ ಪುಸ್ತಕ, ಹಾಸ್ಟೆಲ್ ಟ್ರಂಕು, ಕೆಟ್ಟ ಕಂಪ್ಯೂಟರ್, ಮಿಕ್ಸಿಯ ಖಾಲಿ ಪೆಟ್ಟಿಗೆ ಇವೆಲ್ಲ ಅಪ್ಪ ಅಮ್ಮನ ಅಟ್ಟದಲ್ಲಿ ಹತ್ತಾರು ಮಳೆಗಾಲ ಕಳೆಯುತ್ತವೆ. ಇವನ್ನು ಹಿರಿಯರು ಎಸೆಯಲಾರರು, ಎಸೆಯಬೇಕಾದವರೂ ಅವರಲ್ಲ. ಪ್ರತಿ ಮಗನ, ಮಗಳ ಹೆಸರು ಬರೆದು ಒಂದೊಂದು ಪೆಟ್ಟಿಗೆ ಮಾಡಿಡಿ. ಏಪ್ರಿಲ್ ಮೇ ರಜೆಯಲ್ಲಿ ಬಂದಾಗ ಅವರೇ ಕುಳಿತು ಆರಿಸಲಿ, ಬೇಕಾದುದನ್ನು ಹೊತ್ತೊಯ್ಯಲಿ. ಹೀಗೆಯೇ ಅಜ್ಜಿಯ ಪೆಟ್ಟಿಗೆಯನ್ನು ಅಜ್ಜಿಯ ಎದುರಿಗಲ್ಲದೆ ತೆರೆಯಬಾರದು. ಸೊಸೆ ಒಬ್ಬಳೇ ನಿಂತು ಮನೆಯ ಹಳೆಯ ಸಾಮಾನನ್ನು ತೀರ್ಮಾನಿಸಿದಳೆಂಬ ಮಾತು ಮುಂದೆ ಬಹುಕಾಲ ಉಳಿಯುತ್ತದೆ; ಎಲ್ಲರೂ ಇರುವ ದಿನವನ್ನೇ ಆರಿಸಿಕೊಳ್ಳುವುದು ಕ್ಷೇಮ.

ದೊಡ್ಡ ಪಾತ್ರೆಗಳ ವಿಷಯ ಬೇರೆ. ಮದುವೆ, ಉಪನಯನಕ್ಕೆಂದು ಇಟ್ಟ ತಾಮ್ರದ ಹಂಡೆ, ಹಿತ್ತಾಳೆಯ ಕೊಳಗ, ಉದ್ದ ಸೌಟುಗಳನ್ನು ಹೊರೆ ಎಂದು ಗುಜರಿಗೆ ಹಾಕುವುದನ್ನು ನಾನು ಒಪ್ಪುವುದಿಲ್ಲ. ಆದರೆ ಪ್ರತಿ ಮನೆಯಲ್ಲೂ ಒಂದೊಂದು ಪೂರ್ಣ ಜೋಡಿ ಇರಬೇಕಾದ ಕಾಲವೂ ಈಗಿಲ್ಲ. ಅಡುಗೆಯವರೇ ಪಾತ್ರೆ ತರುವ ದಿನಗಳಿವು. ಕೇರಿಯ ಎರಡು ಮೂರು ಮನೆಯವರು ಕೂಡಿ ಮಾತಾಡಿ, ಒಂದು ಜೋಡಿಯನ್ನು ಸಾಮೂಹಿಕವಾಗಿ ಒಂದೆಡೆ ಇಟ್ಟು, ಉಳಿದುದನ್ನು ಊರಿನ ದೇವಸ್ಥಾನದ ಪಾಕಶಾಲೆಗೆ ಕೊಡುವುದು ನ್ಯಾಯವಾದ ದಾರಿ. ಇಟ್ಟುಕೊಳ್ಳುವ ಪಾತ್ರೆಯನ್ನು ಹಳೆಯ ಮುರುಗಲು ಸಿಪ್ಪೆ ಅಥವಾ ಹುಣಸೆಹಣ್ಣಿನಿಂದ ತಿಕ್ಕಿ, ಹುಳಿಯ ಪಸೆ ಉಳಿಯದಂತೆ ತೊಳೆದು, ಬಿಸಿಲಿಗೆ ಒಣಗಿಸಿ ಮಗುಚಿ ಇಡಬೇಕು. ಹೊಸ ಮುರುಗಲು ಬರುವ ಮೊದಲು ಕಳೆದ ವರ್ಷದ ಕಪ್ಪಾದ ಸಿಪ್ಪೆ ಮುಗಿಸಲು ಇದಕ್ಕಿಂತ ಒಳ್ಳೆಯ ಉಪಾಯವಿಲ್ಲ.

ಕಾಗದಪತ್ರ

ತೆರವಿನ ಉತ್ಸಾಹದಲ್ಲಿ ಎಲ್ಲಕ್ಕಿಂತ ಹೆಚ್ಚು ಅಪಾಯಕ್ಕೆ ಒಳಗಾಗುವುದು ಹಳೆಯ ಕಾಗದದ ಕಟ್ಟು. ಬೇರೆ ಜಿಲ್ಲೆಗಳಿಗೆ ಬರೆದ ಸಲಹೆಗಳಲ್ಲಿ ಹತ್ತು ವರ್ಷಕ್ಕೂ ಹಳೆಯ ಕಾಗದ ಬೇಡ ಎಂದಿರುತ್ತದೆ. ಉತ್ತರ ಕನ್ನಡದಲ್ಲಿ ಆ ನಿಯಮ ಸಲ್ಲದು. ಇಲ್ಲಿ ಅರಣ್ಯದ ಅಂಚಿನಲ್ಲಿ ಬದುಕಿದ ಕುಟುಂಬಗಳು ಬಹಳ. 2006ರ ಅರಣ್ಯ ಹಕ್ಕು ಕಾಯಿದೆಯಡಿ ಬುಡಕಟ್ಟಿಗೆ ಸೇರದ ಪಾರಂಪರಿಕ ಅರಣ್ಯವಾಸಿಗಳು 2005ರ ಡಿಸೆಂಬರ್ 13ಕ್ಕೆ ಹಿಂದಿನ ಮೂರು ತಲೆಮಾರು, ಅಂದರೆ 75 ವರ್ಷಗಳ ವಾಸವನ್ನು ತೋರಿಸಬೇಕಾಗುತ್ತದೆ. ಅಜ್ಜನ ಕಾಲದ ಒಂದು ತೆರಿಗೆ ರಸೀದಿ, ಹಳೆಯ ರೇಶನ್ ಕಾರ್ಡು, ಮನೆಯ ವಿಳಾಸವಿರುವ ನೋಟಿಸು ಅಂಥ ಹೊತ್ತಿನಲ್ಲಿ ಬೆಲೆಬಾಳುತ್ತದೆ. ಉಳುವವನಿಗೆ ಭೂಮಿ ಬಂದ 1974ರ ನಂತರದ ಡಿಕ್ಲರೇಷನ್ ಕಾಗದ, ಅಂದರೆ ನಮೂನೆ 7ರ ಅರ್ಜಿಯ ಪ್ರತಿ, ಭೂ ನ್ಯಾಯಮಂಡಳಿಯ ಆದೇಶ, ನಮೂನೆ 10ರ ಪ್ರಮಾಣಪತ್ರ ಇವು ಶಾಶ್ವತವಾಗಿ ಇರಬೇಕಾದವು. ಸೀಬರ್ಡ್ ನೌಕಾನೆಲೆಗೋ, ಕಾಳಿ ನದಿಯ ಅಣೆಕಟ್ಟುಗಳಿಗೋ ಜಾಗ ಬಿಟ್ಟುಕೊಟ್ಟ ಕುಟುಂಬಗಳು ಪರಿಹಾರದ ಆದೇಶ, ನೋಟಿಸು, ಪಾವತಿಯ ಚೀಟಿ ಒಂದನ್ನೂ ಕಳೆಯಬಾರದು.

ಜಿಲ್ಲೆ 1862ರಿಂದ 1956ರವರೆಗೆ ಮುಂಬಯಿ ಆಡಳಿತದಲ್ಲಿದ್ದುದರಿಂದ ಹಳೆಯ ಕಾಗದಗಳ ಮೇಲೆ ಬೇರೆ ಮುದ್ರೆ, ಬೇರೆ ಲಿಪಿ, ಬೇರೆ ಅಳತೆಗಳು ಕಾಣಬಹುದು. ಓದಲು ಬಾರದ ಹಾಳೆಯನ್ನು ರದ್ದಿ ಎಂದು ತಿಳಿಯಬೇಡಿ. ಓದಬಲ್ಲ ಹಿರಿಯರಿಗೋ ವಕೀಲರಿಗೋ ತೋರಿಸಿದ ಮೇಲೆಯೇ ತೀರ್ಮಾನ. ನೋಂದಾಯಿತ ಕ್ರಯಪತ್ರ ಕಳೆದರೆ ಉಪನೋಂದಣಿ ಕಚೇರಿಯಿಂದ ದೃಢೀಕೃತ ಪ್ರತಿ ಪಡೆಯಬಹುದು. ಅಣ್ಣತಮ್ಮಂದಿರು ಕುಳಿತು ಬರೆದು ಸಹಿ ಹಾಕಿದ ನೋಂದಾಯಿಸದ ಪಾಲುಪಟ್ಟಿ ಕಳೆದರೆ ಅದಕ್ಕೆ ಬೇರೆ ಪ್ರತಿ ಎಲ್ಲಿಯೂ ಇರುವುದಿಲ್ಲ. ಈ ಒಂದು ವ್ಯತ್ಯಾಸವನ್ನು ನೆನಪಿಟ್ಟರೆ ಯಾವುದನ್ನು ಹೆಚ್ಚು ಜೋಪಾನ ಮಾಡಬೇಕೆಂಬುದು ತಾನಾಗಿ ತಿಳಿಯುತ್ತದೆ.

ಹಾಗಾದರೆ ಬಿಡಬಹುದಾದುದು ಯಾವುದು? ಮದುವೆಯ ಕರೆಯೋಲೆಗಳು, ಮುಗಿದ ಫೋನ್ ಬಿಲ್ಲುಗಳು, ಗ್ಯಾರಂಟಿ ತೀರಿದ ಉಪಕರಣಗಳ ಪುಸ್ತಿಕೆ, ಅಂಗಡಿಯ ಚೀಟಿಗಳು. ವಿದ್ಯುತ್ ಬಿಲ್ಲುಗಳಲ್ಲಿ ಕಳೆದ ಒಂದು ವರ್ಷದವನ್ನೂ, ಮನೆ ಯಾವಾಗಿನಿಂದ ಇದೆ ಎಂದು ತೋರಿಸುವ ಅತಿ ಹಳೆಯ ಒಂದೆರಡನ್ನೂ ಉಳಿಸಿ ನಡುವಿನವನ್ನು ತೆಗೆಯಬಹುದು. ಆದಾಯ ತೆರಿಗೆಯ ಕಾಗದಗಳು ಎಂಟು ವರ್ಷ ಇದ್ದರೆ ನೆಮ್ಮದಿ. ಕೈಬರಹದ ಯಕ್ಷಗಾನ ಪ್ರಸಂಗ, ಓಲೆಗರಿ ಸಿಕ್ಕಿದರೆ ಅದನ್ನು ತೊಳೆಯುವುದು, ಎಣ್ಣೆ ಸವರುವುದು ಮಾಡದೆ ಬಟ್ಟೆಯಲ್ಲಿ ಸುತ್ತಿಟ್ಟು, ಬಲ್ಲವರಿಗೆ ತೋರಿಸಿ.

ಉಳಿಸಿದ ಕಾಗದವನ್ನು ನೆರಳಿನ ಗಾಳಿಗೆ ಹರಡಿ. ನೇರ ಬಿಸಿಲಿಗೆ ಶಾಯಿ ಮಾಸುತ್ತದೆ. ಲ್ಯಾಮಿನೇಶನ್ ಮಾಡಿಸಬೇಡಿ, ಒಮ್ಮೆ ಅಂಟಿದ ಪದರವನ್ನು ಬಿಡಿಸಲು ಬರುವುದಿಲ್ಲ. ಪ್ಲಾಸ್ಟಿಕ್ ಕೊಟ್ಟೆಯೂ ಬೇಡ; ಒಳಗಿನ ತೇವ ಹೊರಬಾರದೆ ಜುಲೈ ಹೊತ್ತಿಗೆ ಹಾಳೆಗಳು ಒಂದಕ್ಕೊಂದು ಅಂಟಿಕೊಳ್ಳುತ್ತವೆ. ಕಾಗದದ ಲಕೋಟೆಯಲ್ಲಿ ಹಾಕಿ, ಮೇಲೆ ವಿಷಯ ಮತ್ತು ವರ್ಷ ಬರೆದು, ಹತ್ತಿಬಟ್ಟೆಯಲ್ಲಿ ಕಟ್ಟಿ ಕಬ್ಬಿಣದ ಟ್ರಂಕಿನಲ್ಲಿ ಇಡಿ. ಟ್ರಂಕು ನೆಲದಿಂದ ಒಂದು ಚಿರೆಕಲ್ಲಿನಷ್ಟು ಎತ್ತರದಲ್ಲಿರಲಿ. ಪ್ರತಿಯೊಂದರ ಚಿತ್ರವನ್ನೂ ಫೋನಿನಲ್ಲಿ ತೆಗೆದು ಮನೆಯ ಇಬ್ಬರ ಬಳಿ ಇರುವಂತೆ ಮಾಡಿ.

ಬಟ್ಟೆ, ಪುಸ್ತಕ, ಕಪಾಟು

ಮಳೆಗಾಲದ ಬೂಷ್ಟಿಗೆ ಮುಖ್ಯ ಕಾರಣ ಗಾಳಿಯಾಡದ ತುಂಬು ಕಪಾಟು. ಬಟ್ಟೆ ಕಡಿಮೆ ಮಾಡುವುದರ ನಿಜವಾದ ಲಾಭ ಇದೇ: ಹಲಗೆಯ ನಾಲ್ಕನೇ ಒಂದು ಪಾಲು ಖಾಲಿ ಇದ್ದರೆ ಗಾಳಿ ಸುಳಿಯುತ್ತದೆ. ಕಪಾಟನ್ನು ಗೋಡೆಯಿಂದ ಒಂದು ಗೇಣು ಮುಂದಕ್ಕೆ ಎಳೆದಿಡಿ. ಮಳೆ ಹೊಡೆಯುವ ಪಶ್ಚಿಮದ ಗೋಡೆಗಂತೂ ಆನಿಸಲೇಬೇಡಿ. ರೇಷ್ಮೆ ಸೀರೆಯನ್ನು ನೆರಳಿನಲ್ಲಿ ಗಾಳಿಗೆ ಹಾಕಿ, ಹಳೆಯ ಮಡಿಕೆ ಬಿಡಿಸಿ ಬೇರೆ ಕಡೆ ಮಡಿಸಿ, ಹಳೆಯ ಹತ್ತಿಪಂಚೆಯಲ್ಲಿ ಸುತ್ತಿ. ನುಸಿಗುಳಿಗೆ ಜರಿಗೆ ತಾಗದಿರಲಿ. ಕಾರವಾರದ ಉಪ್ಪುಗಾಳಿಗೆ ಕಬ್ಬಿಣದ ಬೀಗ, ತಿರುಗಣೆ, ಮೆಟ್ಟುಗತ್ತಿ ಎಲ್ಲವೂ ತುಕ್ಕು ಹಿಡಿಯುವುದರಿಂದ ತೆಳುವಾಗಿ ಎಣ್ಣೆ ಸವರಿ ಒರೆಸಿಡಬೇಕು. ಪುಸ್ತಕಗಳನ್ನು ಒತ್ತಾಗಿ ಜೋಡಿಸಬಾರದು.

ಉಗ್ರಾಣ ಮತ್ತು ಹಿತ್ತಿಲು

ಉಗ್ರಾಣದ ಪ್ರತಿ ಡಬ್ಬಿಯನ್ನೂ ಬಿಚ್ಚಿ ನೋಡಿ. ಕಳೆದ ವರ್ಷದ ಉಪ್ಪಿನಕಾಯಿಯನ್ನು ಒಂದು ಭರಣಿಗೆ ಕೂಡಿಸಿ, ಖಾಲಿಯಾದುವನ್ನು ಬಿಸಿನೀರಿನಲ್ಲಿ ತೊಳೆದು, ಎರಡು ದಿನ ಬಿಸಿಲಿಗೆ ಬಾಯಿ ತೆರೆದಿಡಿ. ಒಳಗೆ ಒಂದು ಹನಿ ನೀರು ಉಳಿದರೂ ಹೊಸ ಮಿಡಿ ಕೆಡುತ್ತದೆ. ಅಕ್ಕಿಗೆ ಹುಳ ಬಾರದಿರಲೆಂದು ಧಾನ್ಯದ ವಿಷಮಾತ್ರೆಗಳನ್ನು ಮನೆಯೊಳಗೆ ಇಡುವ ಅಭ್ಯಾಸ ಅಲ್ಲಲ್ಲಿ ಇದೆ. ಅದರಿಂದ ಹೊರಡುವ ಅನಿಲ ಪ್ರಾಣಕ್ಕೇ ಅಪಾಯಕಾರಿ, ವಾಸದ ಮನೆಯಲ್ಲಿ ಅದಕ್ಕೆ ಜಾಗವೇ ಇಲ್ಲ.

ಮೈಲುತುತ್ತವನ್ನು ಅಡುಗೆ ಸಾಮಾನಿನಿಂದ ಪೂರ್ತಿ ಬೇರೆ ಇಡಬೇಕು. ಅದು ಕಬ್ಬಿಣವನ್ನು ತಿನ್ನುವುದರಿಂದ ಪ್ಲಾಸ್ಟಿಕ್ ಅಥವಾ ಮಣ್ಣಿನ ಪಾತ್ರೆಯೇ ಸರಿ. ಅಡಿಕೆಯ ಕೊಳೆರೋಗಕ್ಕೆ ಹೊಡೆಯುವ ಶೇಕಡಾ ಒಂದರ ಬೋರ್ಡೋ ದ್ರಾವಣಕ್ಕೆ 100 ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ ಬೇಕು. ತೋಟದ ಅಳತೆಗೆ ತಕ್ಕಂತೆ ಲೆಕ್ಕ ಹಾಕಿ ತಂದರೆ ವರ್ಷವರ್ಷವೂ ಅರ್ಧ ಚೀಲ ಉಳಿದು ಕಲ್ಲಾಗುವುದು ತಪ್ಪುತ್ತದೆ.

ಹಿತ್ತಿಲಿನಲ್ಲಿ ನೀರು ನಿಲ್ಲಬಹುದಾದುದನ್ನೆಲ್ಲ ಮಳೆಗೆ ಮೊದಲೇ ತೆಗೆಯಿರಿ: ತೆಂಗಿನ ಚಿಪ್ಪು, ಅಡಿಕೆ ಹಾಳೆ, ಟಯರು, ಒಡೆದ ಬಕೆಟ್ಟು. ಡೆಂಗೆ ಹರಡುವ ಸೊಳ್ಳೆಯ ಮೊಟ್ಟೆ ಒಣಗಿದ ಪಾತ್ರೆಯ ಗೋಡೆಗೆ ಅಂಟಿಕೊಂಡು ತಿಂಗಳುಗಟ್ಟಲೆ ಇದ್ದು, ನೀರು ತಾಗಿದಾಗ ಒಡೆಯುತ್ತದೆ; ಆದ್ದರಿಂದ ಉಳಿಸಿಕೊಳ್ಳುವ ಪಾತ್ರೆಗಳನ್ನು ಒಳಗಿನಿಂದ ತಿಕ್ಕಿ ತೊಳೆಯಬೇಕು. ಇನ್ನು ದರಕಿನ ವಿಷಯ. ಬೆಟ್ಟದಿಂದ ತಂದ ಈ ಒಣ ಎಲೆಯಲ್ಲಿ ಉಣುಗು (ಉಣ್ಣೆ) ಇರುತ್ತದೆ, ಅದು ಹರಡುವ ಮಂಗನ ಕಾಯಿಲೆ ಬೇಸಿಗೆಯಲ್ಲೇ ಹೆಚ್ಚು, ಸಿದ್ದಾಪುರದ ಕಡೆಯವರಿಗೆ ಇದು ಚೆನ್ನಾಗಿ ಗೊತ್ತು. ದರಕನ್ನು ಮನೆಯ ಗೋಡೆಗೆ ಒತ್ತಿ ರಾಶಿ ಹಾಕದೆ ಕೊಟ್ಟಿಗೆಯ ಆಚೆಗೆ ಹಾಕಿ, ಹೊತ್ತವರು ಕೂಡಲೇ ಬಿಸಿನೀರಿನಲ್ಲಿ ಮಿಂದು ಬಟ್ಟೆ ಬದಲಾಯಿಸಬೇಕು.

ಹೊರಹೋಗುವ ಸಾಮಾನು

ಆರಿಸಿದ ಸಾಮಾನು ಅದೇ ವಾರ ಅಂಗಳ ದಾಟಬೇಕು. ಜಗಲಿಯ ತುದಿಯಲ್ಲಿ ಕಾಯುತ್ತಿರುವ ಮೂಟೆ ಮತ್ತೆ ಒಳಬರುತ್ತದೆ. ಗುಜರಿಯವರು ಕಬ್ಬಿಣ, ರದ್ದಿ, ಬಾಟಲಿ ಒಯ್ಯುತ್ತಾರೆ. ಕೆಟ್ಟ ಫೋನು, ಬ್ಯಾಟರಿ, ಟ್ಯೂಬುಲೈಟುಗಳನ್ನು ಬೇರೆ ಚೀಲದಲ್ಲಿ ಕಟ್ಟಿ, ಪೇಟೆಯಲ್ಲಿದ್ದರೆ ನಗರಸಭೆಯ ಕಸದ ವಾಹನದವರಿಗೆ ಬೇರೆಯಾಗಿಯೇ ಕೊಡಿ. ಹಳ್ಳಿಗಳಲ್ಲಿ ಬಚ್ಚಲೊಲೆಯೇ ಎಲ್ಲದಕ್ಕೂ ಉತ್ತರವೆಂಬಂತಾಗಿದೆ. ಪ್ಲಾಸ್ಟಿಕ್ ಕೊಟ್ಟೆ, ಹಾಲಿನ ತೊಟ್ಟೆ, ರಬ್ಬರ್ ಚಪ್ಪಲಿ ಅಲ್ಲಿ ಸುಟ್ಟರೆ ಹೊಗೆ ಮನೆಯವರ ಎದೆಗೂ, ಬೂದಿ ತೋಟಕ್ಕೂ ಹೋಗುತ್ತದೆ. ತೊಳೆದು ಒಣಗಿಸಿ ಒಂದು ಗೋಣಿಯಲ್ಲಿ ತುಂಬಿಟ್ಟು ಪಂಚಾಯತದ ಒಣಕಸಕ್ಕೆ ಕೊಡುವುದು ಸ್ವಲ್ಪ ತಾಳ್ಮೆಯ ಕೆಲಸ ಅಷ್ಟೆ.

ಮೇ ಕೊನೆಯೊಳಗೆ ಮುಗಿಯದ ಕೋಣೆಯನ್ನು ಹಾಗೆಯೇ ಬಿಡಿ. ಜೂನ್ ಜುಲೈನಲ್ಲಿ ಹಳೆಯ ಪೆಟ್ಟಿಗೆಗಳನ್ನು ತೆರೆದು ಹರಡಿದರೆ ಒಣಗಿದ್ದ ವಸ್ತುವೂ ತೇವ ಹೀರಿಕೊಳ್ಳುತ್ತದೆ. ಶ್ರಾವಣದ ನಡುವೆ ಮಳೆ ಹೊಳವಾದ ದಿನ ಸಿಕ್ಕಿದರೆ ಹನ್ನೊಂದು ಗಂಟೆಗೆ ಕಪಾಟು, ಟ್ರಂಕುಗಳ ಬಾಗಿಲು ತೆರೆದು, ಎರಡು ಗಂಟೆಯೊಳಗೆ ಮುಚ್ಚಿ. ಕಮಟು ವಾಸನೆ ಬಂದ ಲಕೋಟೆಯನ್ನು ಮಾತ್ರ ಹೊರತೆಗೆದು ಒಲೆಯಿಂದ ದೂರದ ಬೆಚ್ಚಗಿನ ಜಾಗದಲ್ಲಿ ಒಂದು ರಾತ್ರಿ ಬಿಟ್ಟು ಮರುದಿನ ಒಳಗಿಡಿ.